ಬಾಳು ಕಟ್ಟುವವನ ಮಗಳು

ಸೀತಾಂಗೋಳಿಯ ಗುಡ್ಡದಲ್ಲಿ, ಮುರಕಲ್ಲು ಕಡಿದ ಬಯಲಲ್ಲಿ
ನಮ್ಮ ಕಾರ್ಖಾನೆ. ಒಳಗೆ ಧೂಳಿಗೆ ಪ್ರವೇಶವಿಲ್ಲ.
ಮೈಯ ಕಿಡಿ ಹಾರದ ಹಾಗೆ ಮಣಿಕಟ್ಟಿಗೊಂದು ತಂತಿ ಸುತ್ತಿ
ನೆಲಕ್ಕೆ ಕಟ್ಟಿಸಿಕೊಂಡು ಕೂರುತ್ತೇನೆ.
ಕನ್ನಡಕದ ಕೆಳಗೆ ಹಸಿರು ಹಲಗೆ:
ಪೈಲಟ್ ಇರುವ ಒಂದು ವಿಮಾನಕ್ಕೂ
ಯಾರೂ ಇಲ್ಲದ ನಾಲ್ಕಕ್ಕೂ
ಮಾತು ದಾಟಿಸುವ ಹಲಗೆ.

ಆರ್ಡರು ಇಂಗ್ಲಿಷಿನಲ್ಲಿ, ಗದರಿಕೆ ಹಿಂದಿಯಲ್ಲಿ,
ಊಟದ ಹೊತ್ತು ಮಲಯಾಳ.
ಕನ್ನಡ, ಶಾಲೆಯಲ್ಲಿ ಕಲಿತದ್ದು, ಇದನ್ನು ಬರೆಯುವುದಕ್ಕೆ.
ಚಿಪ್ಪಿನ ಕಾಲು ಎಣಿಸುವುದು ಮಾತ್ರ ತುಳುವಿನಲ್ಲಿ,
ಒಂಜಿ, ರಡ್ಡ್, ಮೂಜಿ,
ಅಪ್ಪ ನೂಲಿನ ಸುತ್ತು ಎಣಿಸುತ್ತಿದ್ದ ಹಾಗೆ.

ಅಪ್ಪ, ಕುಂಞಣ್ಣ, ಕೋಳಿಕಟ್ಟದಲ್ಲಿ ಬಾಳು ಕಟ್ಟುವವ.
ಬಾಳೆಂದರೆ ನಮ್ಮಲ್ಲಿ ಕತ್ತಿ;
ಕನ್ನಡ ಪಂಡಿತರು ಬದುಕು ಅಂದಿದ್ದರು.
ಪೊಲೀಸರು ಬಂದರೆ ಓಡುವುದರಲ್ಲಿ ಮೊದಲಿಗ,
ಗಂಟಿನ ವಿಷಯದಲ್ಲಿ ಅವಸರವಿಲ್ಲ.
ಏಳು ಸುತ್ತು, ಉಗುಳು ಹಚ್ಚಿ ಒಂದು ಗಂಟು,
ಬಿಡುವ ಮೊದಲು ಹುಂಜದ ಎದೆಯಡಿ ಎರಡು ಬೆರಳಿಟ್ಟು
ಏನೋ ಕೇಳಿಸಿಕೊಳ್ಳುತ್ತಿದ್ದ.
ಯಾರದು ಯಾರದನ್ನು ಸೀಳಿದರೂ
ಕಟ್ಟಿದವನಿಗೆ ಒಂದು ಕಾಲು.
ಆ ಕಾಲುಗಳಲ್ಲೇ ನಡೆದು ನಾನು ಐಟಿಐ ಮುಗಿಸಿದೆ.

"ಕೊಂದದ್ದು ಯಾರಪ್ಪಾ?" ಕೇಳಿದ್ದೆ ಒಮ್ಮೆ.
"ಬಿಟ್ಟ ಮೇಲೆ ಕೋಳಿಯದ್ದೇ ಕೋಳಿಗೆ" ಅಂದ.
ಅಂದು, ಬಡಿಸಿದ್ದನ್ನು ಮುಟ್ಟದೆ ಎದ್ದ.

ಕಳೆದ ಬುಧವಾರ ಪೈಲಟ್ ಒಬ್ಬಳು ಬಂದಿದ್ದಳು.
ನನ್ನದೇ ವಯಸ್ಸು, ಹೆಬ್ಬೆರಳಿಗೆ ಗಾಯದ ಪಟ್ಟಿ.
ಪರದೆಯಲ್ಲಿ ನಡುವಿನ ಚುಕ್ಕಿ ಅವಳು,
ಅಕ್ಕಪಕ್ಕ ಎರಡೆರಡು,
ಅವಳು ವಾಲಿದರೆ ವಾಲುವವು, ಏರಿದರೆ ಏರುವವು.
"ಸಂಪರ್ಕ ಕಡಿದರೆ?"
"ಎರಡು ಸೆಕೆಂಡು ಕಾಯುತ್ತವೆ, ಮೇಡಂ."
"ಆಮೇಲೆ?"
ಸಾಹೇಬರು ಮುಂದಿನ ಚಿತ್ರಕ್ಕೆ ಹೋದರು.

ಹೊರಡುವಾಗ ನನ್ನ ಮೇಜಿನ ಬಳಿ ನಿಂತಳು.
ಹಲಗೆಯ ಅಂಚಿನ ಅಂಕಿ ತೋರಿಸಿ, ಇದೇನು ಅಂದಳು.
ನನ್ನ ನಂಬರು ಅಂದೆ.
ಹೆಸರು ಕೇಳಿದಳು. ಜಲಜಾಕ್ಷಿ.
ಎರಡು ಸಲ ಹೇಳಿ ನೋಡಿದಳು, ಎರಡು ಸಲವೂ ತಪ್ಪು.

ಒಮ್ಮೆ ಅಪ್ಪ ಗಂಟು ಸಡಿಲ ಬಿಟ್ಟಿದ್ದ, ಬೇಕೆಂದೇ.
ಎದುರಿನದಕ್ಕಿನ್ನೂ ಜುಟ್ಟು ಕೆಂಪಾಗಿರಲಿಲ್ಲ,
ಸಾಕಿದ ಹುಡುಗ ಬೇಲಿಗೊರಗಿ ಅಳುತ್ತಿದ್ದ.
ಬಾಳು ಮಣ್ಣಿಗೆ ಬಿತ್ತು.
ಸತ್ತದ್ದು ಅಪ್ಪ ಕಟ್ಟಿದ ಹುಂಜ.
ಯಾರಿಗೂ ಹೇಳಲಿಲ್ಲ, ನನಗೆ ಬಿಟ್ಟು.

ಇಲ್ಲಿ ಸಡಿಲ ಬಿಡುವಂತಿಲ್ಲ ನಾನು.
ನಡುವಿನ ಚುಕ್ಕಿಗೆ ಹೆಬ್ಬೆರಳಿದೆ, ಗಾಯವಿದೆ.
ಬಿಗಿ ಹಾಕಿದರೆ, ಆಚೆ ಬದಿಗೂ
ಯಾರೋ ಬೇಲಿಗೊರಗಿದ್ದಾರು.

ಐದೂಮುಕ್ಕಾಲು. ಕೊನೆಯ ಕಾಲನ್ನು ಮತ್ತೆ ಕರಗಿಸಿ
ಹೊಳಪು ಬರುವ ತನಕ ಬೆಸೆಯುತ್ತೇನೆ.
ಬೆಂಚಿನ ಮೇಲೆ ಹಲಗೆಗೆ ವಿದ್ಯುತ್ತು ಹರಿದಿದೆ.
ನಿಯಮ ಮೀರಿ, ಅದರಡಿ ಎರಡು ಬೆರಳಿಡುತ್ತೇನೆ.
ಬೆಚ್ಚಗಿದೆ.
ಶಜೀರ್ ಆಂಟೆನಾದ ತಂತಿ ಕೀಳುತ್ತಾನೆ.

ಒಂಜಿ.
ರಡ್ಡ್.