ತೂಕದ ಚೀಟಿ

ನಾಲ್ಕನೇ ಜ್ವರ ಎದ್ದ ಹುಳದ ಹಾಗೆ
ನಡುರಾತ್ರಿ ಎರಡಕ್ಕೆ ಎಚ್ಚರ, ಹಸಿವು.
ಹುಳದ ಮನೆಯಲ್ಲಿ ಅವು ಸರಸರ ಮೇಯುತ್ತಿವೆ.
ಅಡುಗೆಮನೆಯಲ್ಲಿ ನಾನು, ದೀಪ ಹಾಕದೆ,
ಡಬ್ಬದ ಮುಚ್ಚಳ ಸದ್ದಾಗದಂತೆ ತಿರುಗಿಸುತ್ತ.

ಡಯಾಲಿಸಿಸ್ ದಿನಗಳಲ್ಲಿ ತೂಕವೆಂದರೆ ನೀರು.
ವಾರಕ್ಕೆ ಮೂರು ಸಲ ಹಿಂಡಿ ತೆಗೆಯುತ್ತಿದ್ದರು.
ನಲವತ್ತಾರಿದ್ದೆ. ಈಗ ಅರವತ್ತೊಂಬತ್ತು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಾದರೆ
ಈ ಚೀಟಿ ಹಿಡಿದು ಮೆರೆಯಬಹುದಿತ್ತು.

"ಮೈಕೈ ತುಂಬ್ಕೊಂಡೆ, ಕಿಡ್ನಿ ಹಿಡೀತು ಬಿಡು"
ಅಂದಳು ಮೇಲೂರಿನ ಬಸ್ಸಿನಲ್ಲಿ ಯಾರೋ.
ಡಾಕ್ಟರು ಇದಕ್ಕೆ ಚಂದ್ರಮುಖ ಅನ್ನುತ್ತಾರೆ,
ಮಾತ್ರೆ ಕೊಟ್ಟ ಮುಖ.
ನಮಗೆ ಗೊತ್ತಿರುವುದು ಚಂದ್ರಿಕೆ:
ಹಣ್ಣಾದ ಹುಳ ಅಲ್ಲಿಗೆ ಬಂದರೆ
ಮೇವು ಮರೆತು ನೂಲಿಗೆ ತೊಡಗುತ್ತದೆ.
ನನಗೆ ಆ ಹೊತ್ತು ಬರುವುದೇ ಇಲ್ಲ.
ಮೊನ್ನೆ ರಕ್ತದಲ್ಲಿ ಸಕ್ಕರೆ, ಇನ್ನೂರ ಎಂಬತ್ತು.

ಕಿಡ್ನಿ ಅತ್ತೆಯದು.
"ಸೊಸೆಗೆ ಯಾಕಮ್ಮ ಕೊಡ್ತೀಯ?" ಅಂತ ಸಮಿತಿಯವರು ಕೇಳಿದರೆ
"ಹುಳಕ್ಕೆ ಸೊಪ್ಪು ಹಾಕೋರು ಬೇಕಲ್ಲ ಸಾಮಿ" ಅಂದವಳು.
ಮದುವೆಯಾದ ಹೊಸದರಲ್ಲಿ
ನನ್ನ ಎರಡನೇ ಮುದ್ದೆ ಎಣಿಸಿದ್ದೂ ಅವಳೇ.

ಈಗ ಬಾಗಿಲಲ್ಲಿ ನಿಂತಿದ್ದಾಳೆ ಅಕ್ಕಯ್ಯಮ್ಮ,
ಪಕ್ಕೆಯ ಹೊಲಿಗೆ ಗುರುತಿನ ಮೇಲೆ ಕೈಯಿಟ್ಟು.
ಬೈಯುತ್ತಾಳೆಂದುಕೊಂಡೆ.
ಡಬ್ಬ ಕಸಿದಳು. ಸೌತೆಕಾಯಿ ಹೆರೆದು ಹೆಚ್ಚಿ
ನನಗೆ ಮುಕ್ಕಾಲು, ತನಗೆ ಕಾಲು.
"ಅದರ ಬುದ್ಧಿ ನಂಗೊತ್ತಿಲ್ವಾ?
ನನ್ನೊಳಗಿದ್ದಾಗಲೂ ಹೊತ್ತಲ್ಲದ ಹೊತ್ತಲ್ಲೇ ಏಳಿಸ್ತಿತ್ತು"
ಎನ್ನುತ್ತ ಕತ್ತಲಲ್ಲೇ ಕಚಕಚ ಅಗಿದಳು.