ಚಕ್ಕುಬಂದಿ

ಚಿಂತಾಮಣಿ ತಾಲ್ಲೂಕು ಕಚೇರಿಯ ಹೊಂಗೆ ಮರದಡಿ
ನಮ್ಮಪ್ಪ ಬಿಟ್ಟುಹೋದ ಮೇಜು, ಅವನದೇ ಮಸಿಕಲೆ,
ಲೈಸೆನ್ಸು ಮಾತ್ರ ನನ್ನ ಹೆಸರಲ್ಲಿ.
ಕ್ರಯ, ದಾನ, ಭೋಗ್ಯ, ಪಾಲುಪಟ್ಟಿ
ಭೂಮಿಯ ಮೇಲೆ ಏನು ಬೇಕಾದರೂ ಬರೆದುಕೊಡುತ್ತೇನೆ.
ನೀರಿನ ಮೇಲೆ ಬರೆದದ್ದು ಅವತ್ತೊಂದೇ ದಿನ.

ಹುಣಸೆಹಣ್ಣಿನ ಗಾಡಿಗಳ ಸಂದಿಯಲ್ಲಿ ನುಸುಳಿ ಬಂದು
ಕಬ್ಬಿಣದ ಕುರ್ಚಿಗೆ ಬೆನ್ನು ತಾಗಿಸದೆ ಕೂತರು.
"ಹೆಸರು?" ಅಂದೆ. ಮುಖ ತಿರುಗಿಸಿ ಬಲಗಿವಿ ಮುಂದೆ ತಂದರು.
ಬಚ್ಚಪ್ಪ, ಬಿನ್ ಪಿಳ್ಳಮುನಿಯಪ್ಪ. ಕಮಾಂಡರ್, ನಿವೃತ್ತ.
ಪದಕ ಪಡೆದವರಿಗೆ ಸರ್ಕಾರ ಕೊಡುವ ಜಮೀನಿನ ಅರ್ಜಿ,
ನಾಲ್ಕು ಪ್ರತಿ, ಜೊತೆಗೊಂದು ಪ್ರಮಾಣಪತ್ರ.

ಕಾಲಂ ಐದು: ಸೇವೆ ಸಲ್ಲಿಸಿದ ಸ್ಥಳ.
"ಸಮುದ್ರ."
ಯಾವ ಹೋಬಳಿ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
"ಸಮುದ್ರದ ಮೇಲಾ?"
"ಹೆಚ್ಚಾಗಿ ಕೆಳಗೆ."

ಇಪ್ಪತ್ತೊಂಬತ್ತು ವರ್ಷವನ್ನು ದಿನಸಿ ಚೀಟಿಯ ಹಾಗೆ ಓದಿದರು:
ನಾವಿಕನಾಗಿ ಸೇರಿದ್ದು, ಮುಂಬೈಯಲ್ಲಿ ಹಡಗಿನ ತುಕ್ಕು ಕೆರೆದದ್ದು ಎರಡು ವರ್ಷ.
ಕೊಚ್ಚಿಯಲ್ಲಿ ಮುಳುಗುವ ವಿದ್ಯೆ.
ನಲವತ್ತು ಜನ ಹೋಗಿ ಮೂವರು ಉಳಿದ ಮೆರೈನ್ ಕಮಾಂಡೊ ತರಬೇತಿ,
ಕೈಕಾಲು ಕಟ್ಟಿ ನೀರಿಗೆ ತಳ್ಳಿದ ಬೆಳಗ್ಗೆ
ತನಗೆ ನಗು ಬಂದದ್ದು.
"ನಮ್ಮೂರಲ್ಲಿ ಸೊಂಟಕ್ಕೆ ಸೊರೆಬುರುಡೆಯಾದರೂ ಕಟ್ಟುತ್ತಿದ್ದರಲ್ಲಮ್ಮ."
ಕಾಶ್ಮೀರದ ಸರೋವರದಲ್ಲಿ ಗಡ್ಡ ಬಿಟ್ಟುಕೊಂಡು ಎರಡು ಚಳಿಗಾಲ.
ಹೆಸರು ಹೇಳಬಾರದ ಒಂದು ಬಂದರು. ಹೇಳಲಿಲ್ಲ.

ಕಾಲಂ ಒಂಬತ್ತು: ಶೌರ್ಯದ ವಿವರ.
ರಾತ್ರಿ. ಹಡಗಿನ ಹೊಟ್ಟೆಗೆ ಯಾರೋ ಅಂಟಿಸಿದ ಸಿಡಿಮದ್ದು.
ಕೈಯೇ ಕಾಣದ ಕತ್ತಲಲ್ಲಿ ಉಣ್ಣೆ ಕೀಳುವ ಹಾಗೆ
ಎಮ್ಮೆಯ ಕೆಚ್ಚಲಿಂದ ಉಣ್ಣೆ ಕೀಳುವ ಹಾಗೆ, ನೋವಾಗದಂತೆ, ಕಿತ್ತು
ದೂರ ಒಯ್ದು ಬಿಟ್ಟರು. ಸಾಕಷ್ಟು ದೂರವಲ್ಲ.
ಎಡಗಿವಿ ಅಲ್ಲೇ ಉಳಿಯಿತು.
"ಮೇಲೆ ಹಗ್ಗ ಹಿಡಿದಿದ್ದವನು ಕೋಯಾ, ಲಕ್ಷದ್ವೀಪದವನು.
ಅವನ ಹೆಸರು ಎಲ್ಲಿ ಬರೆಯುತ್ತೀಯ?"
ಅದಕ್ಕೆ ಕಾಲಂ ಇರಲಿಲ್ಲ. ಷರಾದಲ್ಲಿ ಬರೆದೆ.
"ಈಗ ಎಲ್ಲಿದ್ದಾರೆ?"
"ಮೀನು ಹಿಡಿಯುತ್ತಾನೆ. ಭಾನುವಾರ ಫೋನು ಮಾಡುತ್ತಾನೆ.
ನನಗೆ ಕಿವಿ ಕೇಳದು, ಅವನಿಗೆ ಮಾತು ಬಾರದು.
ಹತ್ತು ನಿಮಿಷ ಹಿಡಿದುಕೊಂಡಿರುತ್ತೇವೆ."

ಕೊನೆಗೆ ಜಮೀನು. ಬೆಂಗಳೂರು ರಸ್ತೆಗೆ ತಾಗಿದ್ದ ಎರಡೆಕರೆ ಬೇಡವಂತೆ.
ಅಂಬಾಜಿದುರ್ಗದ ಬುಡದಲ್ಲಿ, ಪಹಣಿಯಲ್ಲಿ ಖರಾಬು ಅಂತ ಇರುವುದು ಬೇಕಂತೆ.
ಚಕ್ಕುಬಂದಿ ಹೇಳಿ, ಅಂದೆ.
ಪೂರ್ವಕ್ಕೆ ಬಂಡೆ. ಪಶ್ಚಿಮಕ್ಕೆ ಬಂಡೆ.
ಉತ್ತರಕ್ಕೆ ಸರ್ಕಾರಿ ಜಾಲಿ. ದಕ್ಷಿಣಕ್ಕೆ ದನದ ಓಣಿ.
ನಡುವೆ ಒಂದು ದೊಣೆ, ಬೇಸಿಗೆಯಲ್ಲೂ ಎರಡಾಳು ನೀರು.
ಎಮ್ಮೆ ಬಿಟ್ಟು ಅದರೊಳಗೆ ಉಸಿರು ಕಟ್ಟಿ ಕೂರುತ್ತಿದ್ದ ಹುಡುಗನನ್ನು
ಹುಡುಕಿಕೊಂಡು ಬಂದು ಅವ್ವ ಬಾರಿಸುತ್ತಿದ್ದಳಂತೆ.
ಎಷ್ಟು ಸಾವಿರ ಪತ್ರ ಬರೆದಿದ್ದೇನೆ!
ಉದ್ದಕ್ಕೆ ಜಾಗವಿದೆ, ಅಗಲಕ್ಕಿದೆ,
ಆಳ ಎಷ್ಟೆಂದು ಯಾವ ನಮೂನೆಯೂ ಕೇಳುವುದಿಲ್ಲ.

ಓದಿ ಹೇಳಬೇಕು, ಕೇಳಿ ಒಪ್ಪಬೇಕು, ಅದು ನಿಯಮ.
ಆದರೆ ಲಾರಿಗಳ ಗದ್ದಲಕ್ಕೆ ಬಲಗಿವಿಯೂ ಸೋತಿತ್ತು.
ಕಡತದ ಹಸಿರು ದಾರ ಬಿಚ್ಚಿ ಒಂದು ತುದಿ ಬೆರಳಿಗೆ ಸುತ್ತಿಕೊಂಡರು,
ಇನ್ನೊಂದು ನನಗೆ ಕೊಟ್ಟರು.
"ಒಂದು ಸಲ ಜಗ್ಗಿದರೆ ಕ್ಷೇಮ. ನಾಲ್ಕು ಸಲ, ಮೇಲೆ ಬಾ."
ಒಂದೊಂದು ವಾಕ್ಯ ಮುಗಿದಾಗಲೂ ಒಂದು ಜಗ್ಗಿದೆ.
ಅತ್ತಲಿಂದ ಒಂದು ಜಗ್ಗು ಬರುತ್ತಿತ್ತು.
ಸಹಿ ಹಾಕಿ, ಬರವಣಿಗೆ ಶುಲ್ಕ ಎಣಿಸಿಟ್ಟು ಹೋದರು.

ತಿಂಗಳ ಮೇಲೆ ಅರ್ಜಿ ವಾಪಸು ಬಂತು, ಗುಮಾಸ್ತರ ಕೆಂಪು ಶಾಯಿಯಲ್ಲಿ:
'ಷರಾದಲ್ಲಿ ನಮೂದಿಸಿರುವ ವ್ಯಕ್ತಿಗೂ ಈ ಜಮೀನಿಗೂ
ಏನು ಸಂಬಂಧ? ಸರಿಪಡಿಸಿ ಸಲ್ಲಿಸುವುದು.'
ಏನೂ ಸರಿಪಡಿಸದೆ
ದಾರವನ್ನಷ್ಟೇ ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟಿ
ಮತ್ತೆ ಒಳಗೆ ಕಳಿಸಿದೆ.