ಮಷೀನು ಇದ್ದ ಜಾಗ

ಶನಿವಾರ ಬೆಳಿಗ್ಗೆ ನಾಲ್ಕು ಮಂದಿ ಬಂದು
ಮಷೀನು ಎತ್ತಿದರು.
ಹಗ್ಗ ಹಾಕಿ, ಚೌಕಟ್ಟಿಗೆ ಗೋಣಿಚೀಲ ಸುತ್ತಿ,
‘ಅಕ್ಕಾ, ಸರೀರಿ’ ಅಂತ ನನ್ನನ್ನು ಗೋಡೆಗೆ ಒತ್ತಿ.
ಹನ್ನೊಂದು ವರ್ಷ ಅದು ನಡುಮನೆಯಲ್ಲಿತ್ತು.
ನಾವು ಅದರ ಸುತ್ತ ಇದ್ದೆವು.

ಕೌಲ್ ಬಜಾರಿನ ಒಂದೂವರೆ ಕೋಣೆ ಮನೆ.
ಅರ್ಧದಲ್ಲಿ ಒಲೆ, ದೇವರು.
ಒಂದರ ತುಂಬ ಜೀನ್ಸು:
ಕಾಲಿಗೊಂದು ಕಟ್ಟು, ಜೇಬಿಗೊಂದು ಕಟ್ಟು,
ನೂರು ಸೊಂಟ, ಒಳಗೆ ಒಬ್ಬ ಮನುಷ್ಯನೂ ಇಲ್ಲ.
ಉಳಿದ ಸಂದಿಯಲ್ಲಿ ಐದು ಜನ.

ಈಗ ಎರಡು ಓಣಿ ಆಚೆ ಬಾಡಿಗೆ ಶೆಡ್ಡು.
‘ಇನ್ನ ಇದು ಮನೀ ಆಗ್ಲಿ’ ಅಂದರು ಇವರು.
ಇಷ್ಟು ದಿನ ಏನಾಗಿತ್ತು ಅಂತ ನಾನು ಕೇಳಲಿಲ್ಲ.
ಬಣ್ಣದ ಡಬ್ಬಿ ತೆರೆದೆ.

ಬಣ್ಣಕ್ಕೆ ಹಿಂದಿನ ರಾತ್ರಿಯೇ ಜಗಳವಾಗಿತ್ತು.
ಶಿರೀಷಾಗೆ ತಿಳಿನೇರಳೆ, ತರುಣನಿಗೆ ಕೆಂಪು,
ಅತ್ತೆಗೆ ಸುಣ್ಣ: ‘ಸುಣ್ಣ ಉಸಿರಾಡ್ತೈತಿ,
ಪೇಂಟು ಗ್ವಾಡಿ ಬಾಯಿ ಮುಚ್ಚಸ್ತೈತಿ.’
ಯಾರೋ ಬೇಡವೆಂದು ಬಿಟ್ಟುಹೋದ
ಹೆಸರುಬೇಳೆ ಬಣ್ಣದ ಡಬ್ಬಿಯನ್ನು ಅಂಗಡಿಯವನು
ಅರ್ಧ ರೇಟಿಗೆ ಕೊಟ್ಟ.
ಎಲ್ಲರೂ ಸೋತೆವು. ಹಾಗಾಗಿ ಒಪ್ಪಿದೆವು.

ಗೋಡೆ ಒಪ್ಪಲಿಲ್ಲ.
ಇವರು ಬೆನ್ನು ಆನಿಸುತ್ತಿದ್ದ ಕಡೆ ಭುಜದಗಲ ನೀಲಿ,
ಮೇಲೆ ತಲೆಯೆಣ್ಣೆಯ ಒಂದು ದುಂಡು.
ಒಂದು ಕೋಟು ಹೊಡೆದೆ, ಹಾಯ್ದು ಬಂತು.
ಎರಡನೆಯದಕ್ಕೆ ಇನ್ನೂ ತಿಳಿಯಾಗಿ ಬಂತು,
ಬೇಸಿಗೆ ಮುಂಜಾನೆ ಗುಡ್ಡದ ಬೆನ್ನಿಗೆ
ಹತ್ತೇ ಹತ್ತು ನಿಮಿಷ ನಿಲ್ಲುವ ಆಕಾಶದ ಹಾಗೆ.
ಇರಲಿ ಬಿಡು ಅಂದೆ. ಮುಂದೆ ಬೀರು ಬರುತ್ತದೆ.

ಭಾನುವಾರ, ಕೈ ಮೊಣಕೈವರೆಗೂ ಬಣ್ಣವಾಗಿದ್ದಾಗ
ಎಂಟು ದಿನಕ್ಕೆ ನಲ್ಲಿ ಬಂತು.
ಬ್ರಷ್ಷು ಬಿಸಾಕಿ ಓಡಿದೆವು.
ಓಣಿಯ ಕೊಡಗಳ ನಡುವೆ ನಮ್ಮವು ಮಾತ್ರ
ಹೆಸರುಬೇಳೆ ಬೆರಳಿನವು.

ಮಧ್ಯಾಹ್ನ ಒಗ್ಗರಣಿ, ಮಿರ್ಚಿ, ಪೇಪರ್ ಹಾಸಿದ ನೆಲ.
ಅತ್ತೆ ಹೊಸ್ತಿಲಲ್ಲಿ ಕೂತು ಹುಕುಂ:
‘ಬಡಗಣಕ್ಕ ತಲಿ ಬರಬಾರದು,
ಟಿವಿ ದೇವ್ರಿಗೆ ಬೆನ್ನು ಮಾಡಬಾರದು,
ಗಾದಿಲಿಂಗಾ, ಬೀರು ಇನ್ನಷ್ಟು ಇತ್ತಾಗ.’
ಮೂರು ಗೋಡೆ ತಿರುಗಿದ ಬೀರು
ಸಂಜೆಗೆ ಹಳೇ ಜಾಗಕ್ಕೇ ಬಂದು ನಿಂತಿತು.
ನೀಲಿ ಹಾಗೇ ಉಳಿಯಿತು, ಕಾಣುವಂತೆ.

ಪೊರಕೆಗೆ ಸಿಕ್ಕಿದ್ದು:
ತಾಮ್ರದ ರಿವೆಟ್ಟು ಒಂದು ಬಟ್ಟಲು,
ತುಂಡು ಸೂಜಿ, ನೀಲಿ ನೂಲಿನ ಹತ್ತಿ,
ಮಷೀನಿನ ಕಾಲಿನ ಸೀಳಿನಲ್ಲಿ
ನನ್ನ ಒಂಟಿ ಹರಳೋಲೆ.

ನೂಲು ಕತ್ತರಿಸಲು ಬರುತ್ತಿದ್ದ ಹುಸೇನ್‌ಪೀರ.
ಕದ್ದಿಯಾ ಅಂತ ನಾನೇನೂ ಅಂದಿರಲಿಲ್ಲ.
‘ಕೆಲಸ ಕಡಿಮಿ ಆಗೈತಪ್ಪ, ನಾಳಿಂದ ಬರಬ್ಯಾಡ’
ಅಂದಿದ್ದೆ. ಅಷ್ಟೇ.
ಅವತ್ತು ಅಂಗಳದಲ್ಲಿ ಮುನ್ನೂರು ಪ್ಯಾಂಟು
ಲಾರಿಗೆ ಕಾಯುತ್ತಿದ್ದವು.
ಅವನೂ ಎಣಿಸಿರಬೇಕು.

ರಾತ್ರಿ, ಬಣ್ಣದ ವಾಸನೆಯಲ್ಲಿ, ಮನೆ ದೊಡ್ಡದಾಗಿತ್ತು.
ಆದರೂ ತರುಣ ನೀರಿಗೆ ಹೋಗುವಾಗ
ನಡುವೆ ಬಂದವನೇ ಮೈ ಓರೆ ಮಾಡಿ ದಾಟಿದ.
ಶಿರೀಷಾ ಲಂಗ ಎತ್ತಿ ಹಿಡಿದು, ಸುತ್ತಿ ಹೋದಳು.
ಇವರು ದೀಪ ಆರಿಸಿ ಬರುವಾಗ
ಇಲ್ಲದ ಮೇಜಿನ ತುದಿಗೆ ಕೈ ಊರಲು ಹೋಗಿ
ಗಾಳಿಗೆ ಮುಗ್ಗರಿಸಿದರು.
ನಾವು ನಕ್ಕೆವು. ಅತ್ತೆ ನಗಲಿಲ್ಲ.
‘ಹನ್ನೊಂದು ವರ್ಷ ಉಂಡೀವಿ ಅದರ ಕೈಲೆ’ ಅಂದಳು.

ಸೋಮವಾರ ಖಾಜಾಬಿ ಬಂದಳು, ಹುಸೇನ್‌ಪೀರನ ತಾಯಿ.
ಎಷ್ಟೋ ವರ್ಷದಿಂದ ಹೊಸ್ತಿಲ ಆಚೆಯೇ ನಿಂತು
ಮಾತಾಡಿ ಹೋಗುವವಳು.
ಒಳಗೆ ಜಾಗ ಇಲ್ಲ ಅಂತ ಅವಳೂ ಅಂದುಕೊಂಡಿದ್ದಳು,
ನಾನೂ ಹಾಗೇ ಅಂದುಕೊಳ್ಳಲು ಬಿಟ್ಟಿದ್ದೆ.

‘ನೋಡಾಕ ಬಂದ್ನಿ’ ಅಂದು ಚಪ್ಪಲಿ ಬಿಟ್ಟು
ನೆಟ್ಟಗೆ ನಡೆದಳು
ಮಷೀನಿನ ನಡುವೆಯೇ ಹಾಯ್ದು,
ಸೂಜಿ, ಚಕ್ರ, ಮೋಟಾರು ಏನೂ ತಾಗದೆ,
ಹೋಗಿ ನೀಲಿಗೆ ಬೆನ್ನು ಕೊಟ್ಟು ಕೂತಳು.

ಚಹಾಕ್ಕೆ ಇಟ್ಟೆ.
ಸೆರಗಿನ ತುದಿಯ ಗಂಟು
ಒದ್ದೆ ಕೈಗೆ ಬೇಗ ಬಿಚ್ಚಲಿಲ್ಲ.